ಹತ್ತೊಂಬತ್ತು ಕೈಗಳು

ಗಾಜಿನ ಕಿಂಡಿಗೆ ಕಣ್ಣು ಹಚ್ಚಿ ನಿಲ್ಲುವಾಗ ಚಿತ್ತರಂಜನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಹುಡುಗರು ಕಾರಿಡಾರಿನಲ್ಲಿ ಅದನ್ನು ಅಣಕಿಸುತ್ತಿದ್ದರು, ಕೈ ಹಿಂದೆ, ಕುತ್ತಿಗೆ ಮುಂದೆ, ಥೇಟ್ ಕೊಕ್ಕರೆ. ಅವನಿಗೆ ಅದು ಗೊತ್ತಿತ್ತು, ಗೊತ್ತಿಲ್ಲದವನಂತೆ ನಡೆದುಹೋಗುತ್ತಿದ್ದ. ಸುರತ್ಕಲ್ ಕಡೆಯ ಆ ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಮೇಷ್ಟ್ರು. ಹಿಂದುಗಡೆಯ ಕೋಣೆಯಲ್ಲಿದ್ದ ಉಕ್ಕಿನ ದೊಡ್ಡ ಪಾತ್ರೆ, ಜರ್ಮನಿಯ ಯಾವುದೋ ಪ್ರಯೋಗಶಾಲೆಯವರು ಬೇಡವೆಂದು ಬಿಟ್ಟದ್ದು, ಹಡಗಿನಲ್ಲಿ ಪಣಂಬೂರಿಗೆ ಬಂದು ಇಳಿದಾಗಿನಿಂದ ಸ್ಟಾಫ್ ರೂಮಿನ ಬಾಯಲ್ಲಿ ‘ಚಿತ್ತರಂಜನನ ಹಂಡೆ’ ಆಗಿತ್ತು. ಹಂಡೆಯಲ್ಲಿ ನೀರು ಕಾದಿತೇ ಎಂದು ಕೇಳದವರಿಲ್ಲ. ಅವನು ಅದರ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುವುದರಲ್ಲೇ ವರ್ಷಗಳನ್ನು ಕಳೆದಿದ್ದ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ಆಟಿ ತಿಂಗಳ ತೇವ, ಹೋಗಿ ಬರುವ ಕರೆಂಟು, ಎಲ್ಲವೂ ಆ ಪಾತ್ರೆಯೊಳಗೆ ನುಗ್ಗಲು ಸಂಚು ಹೂಡಿದಂತೆ ಅವನಿಗೆ ಅನ್ನಿಸುತ್ತಿತ್ತು. ಆ ಶನಿವಾರ ಮಾತ್ರ ಎಲ್ಲವೂ ಸುಮ್ಮನಿದ್ದವು. ಉಗುರಿನಷ್ಟಗಲದ ಸಿಲಿಕಾನ್ ಹರಳು ಒಳಗೆ ಕೆಂಡದ ಬಣ್ಣಕ್ಕೆ ಕಾದು, ಮೆಲ್ಲಗೆ ಆರತೊಡಗಿತು. ಅವನು ಎಲೆಕ್ಟ್ರಾನುಗಳನ್ನು ಅದರ ಮೈಮೇಲೆ ಬಿಟ್ಟ. ತಿರುಗಿ ಬಂದ ಎಲೆಕ್ಟ್ರಾನುಗಳು ಪರದೆಯ ಮೇಲೆ ಹಸಿರು ಚುಕ್ಕೆಗಳಾದವು. ಮೊದಲು ದೊಡ್ಡವು, ಆಮೇಲೆ, ಅವನು ಉಸಿರು ಹಿಡಿದು ನೋಡುತ್ತಿದ್ದಂತೆ, ಎರಡು ದೊಡ್ಡ ಚುಕ್ಕೆಗಳ ನಡುವೆ ಆರು ಸಣ್ಣ ಚುಕ್ಕೆಗಳು. ನಡುವಿನ ಜಾಗ ಏಳು ಪಾಲು, ಏಳರ ಲೆಕ್ಕ. ಪುಸ್ತಕದಲ್ಲಿ ಇದ್ದದ್ದು ತನ್ನ ಹಂಡೆಯಲ್ಲಿ ಮೂಡಿತ್ತು. ಅವನಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಬೆಳಿಗ್ಗೆ ತಾನು ಚಪ್ಪಲಿ ಮೆಟ್ಟುವಾಗ ತಾಯಿ ಹೇಳಿದ್ದು ಸರಿಯಾಗಿ ಆಗಲೇ ನೆನಪಾಯಿತು: “ನಾಳೆ ಕಿನ್ನಿಯ ಮದುವೆ. ನೀನು ಬಾ, ಬಾರದಿರು. ಬಳೆ ಮಾತ್ರ ಇವತ್ತು ತಂದುಕೊಡು.”

ಕಿನ್ನಿ ಅವನ ತಂಗಿ. ಮೂರು ವರ್ಷದವಳಿದ್ದಾಗ ಸಿಡುಬಿನಲ್ಲಿ ಸತ್ತವಳು. ಅವನಿಗೆ ಆಗ ಎಂಟು.

ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವುದು ಅವರಲ್ಲಿ ಹೊಸತೇನಲ್ಲ. ಸತ್ತವರು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಒಂಟಿತನ ತಡೆಯಲಾರದೆ ಬದುಕಿದವರ ಕಾಲಿಗೆ ತೊಡರುತ್ತಾರೆ. ಆಗ ಅಂಥದೇ ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕಿ, ಜಾತಕ ಇಲ್ಲದಿದ್ದರೂ ಬಳಿ, ಅಂದರೆ ಗೋತ್ರ, ನೋಡಿ, ಆಟಿಯಲ್ಲಿ ಧಾರೆ ಎರೆಯುತ್ತಾರೆ. ಹೆಂಡತಿ ಆಶಾಲತಾ ಎರಡನೆಯ ಸಲ ಬಸಿರು ಕಳೆದುಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ಅವನ ತಾಯಿ ಉಮಾವತಿ ಜೋಯಿಸರಲ್ಲಿ ಪ್ರಶ್ನೆ ಕೇಳಿಸಿದಳು. ಪ್ರಶ್ನೆಯಲ್ಲಿ ಕಿನ್ನಿ ಬಂದಳು. ಚಿತ್ತರಂಜನ ನಕ್ಕಿದ್ದ, ಸಿಟ್ಟು ಮಾಡಿದ್ದ, ಸಿಡುಬಿನ ವೈರಾಣುವಿನ ಬಗ್ಗೆ ಊಟದ ಹೊತ್ತಿಗೆ ಪಾಠ ಹೇಳಿದ್ದ. ಕೊನೆಗೆ ಬಲವಾದ ನೆಪವೊಂದು ಸಿಕ್ಕಿತು. ಸೋಮವಾರ ಬೆಂಗಳೂರಿನಿಂದ ಪ್ರೊಫೆಸರರು ಬರುತ್ತಾರೆ, ಭಾನುವಾರ ಇಡೀ ದಿನ ತಾನು ಯಂತ್ರದ ಹತ್ತಿರ ಇರಲೇಬೇಕು ಎಂದ. ಅದು ಸುಳ್ಳು. ಹರಳು ಕೊಳೆಯಾದರೆ ಸೋಮವಾರ ಬೆಳಿಗ್ಗೆ ಇನ್ನೊಂದು ಸಲ ಕಾಯಿಸಿದರೆ ಸಾಕು, ಚುಕ್ಕೆಗಳು ಮತ್ತೆ ಬರುತ್ತವೆ. ಈ ಸುಳ್ಳು ಹಿಡಿಯಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ, ಅದೇ ಅವನನ್ನು ಚುಚ್ಚುತ್ತಿತ್ತು. ಆಶಾಲತಾ ಮಾತ್ರ ತಲೆ ಬಾಚುತ್ತಾ, ಕನ್ನಡಿಯೊಳಗಿಂದಲೇ ಅವನನ್ನು ನೋಡಿ ಕೇಳಿದ್ದಳು: “ನಂಬಿಕೆ ನನಗೂ ಇಲ್ಲ. ಆದ್ರೆ ಸ್ವಲ್ಪ ಹೊತ್ತು ನಿಂತುಕೊಳ್ಳಲಿಕ್ಕೆ ನಂಬಿಕೆ ಎಂತಕ್ಕೆ? ಅಣ್ಣ ಇದ್ದೂ ಅಣ್ಣ ಇಲ್ಲದ ಧಾರೆ ಆಗ್ಬೇಕಾ?”

ಬಾಗಿಲಲ್ಲಿ ಯಾರೋ ಕೆಮ್ಮಿದರು. ಒದ್ದೆ ಕೊಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ ಮುದುಕನನ್ನು ಅವನು ಗುರುತು ಹಿಡಿಯಲು ತುಸು ಹೊತ್ತಾಯಿತು. ಶೀನಪ್ಪ, ನಾಳೆಯ ಮದುಮಗನ ತಂದೆ. ಕಾವೂರಿನ ಕಡೆಯವನು, ಒಂದು ಕಾಲದಲ್ಲಿ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದವನು. ಮಗ ಜಯಪಾಲ ಕಾಲೇಜಿಗೆ ಹೋಗುವ ಪ್ರಾಯದಲ್ಲಿ ನಂತೂರಿನಲ್ಲಿ ಸೈಕಲು ತಿರುಗಿಸುವಾಗ ಲಾರಿಯ ಅಡಿಗೆ ಸಿಕ್ಕಿದ್ದ.

“ಕರೀಲಿಕ್ಕೆ ಬಂದದ್ದು,” ಎಂದ ಶೀನಪ್ಪ. “ಹೆಣ್ಣಿನ ಅಣ್ಣನನ್ನು ನಾವೇ ಬಂದು ಕರೀಬೇಕಲ್ಲ. ಬದುಕಿದ್ದವರದ್ದಾದ್ರೆ ಹಾಗೇ ಮಾಡ್ತಿದ್ದೆವು.”

ಚಿತ್ತರಂಜನನಿಗೆ ನಾಚಿಕೆಯಾಯಿತು. ಕುರ್ಚಿ ಎಳೆದುಕೊಟ್ಟ. ತನಗೆ ಭಾನುವಾರ ಬರಲಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು ಯಂತ್ರದ ಕಡೆ ಕೈ ತೋರಿಸಿ, ಇದು ಇದೆಯಲ್ಲ, ಎಂದಷ್ಟೇ ಅಂದ. ಶೀನಪ್ಪ ಅದನ್ನು ನೋಡು ಎಂಬ ಆಹ್ವಾನವೆಂದು ತಿಳಿದು ಎದ್ದು ಹತ್ತಿರ ಹೋದ.

“ಒಳಗೆ ಎಂತ ಉಂಟು?”

“ಏನೂ ಇಲ್ಲ.”

“ಏನೂ ಇಲ್ಲದ್ದಕ್ಕೆ ಇಷ್ಟು ದೊಡ್ಡ ಡ್ರಮ್ಮಾ ಮಾರಾಯ್ರೆ!”

ಚಿತ್ತರಂಜನ ನಕ್ಕುಬಿಟ್ಟ. ಅವನಿಗೆ ವಿವರಿಸುವ ಚಪಲ ಬಂತು. ಸ್ಟಾಫ್ ರೂಮಿನಲ್ಲಿ ಯಾರೂ ಕೇಳದ್ದನ್ನು ಈ ಮುದುಕನಾದರೂ ಕೇಳುತ್ತಿದ್ದಾನೆ. ಹರಳಿನ ಒಳಗೆ ಒಂದೊಂದು ಪರಮಾಣುವಿಗೂ ನಾಲ್ಕು ಕೈ ಅಂತ ಇಟ್ಟುಕೊಳ್ಳಿ, ಎಂದ. ನಾಲ್ಕು ಕೈಯನ್ನೂ ಅಕ್ಕಪಕ್ಕದ ನಾಲ್ವರು ಹಿಡಿದುಕೊಂಡಿರುತ್ತಾರೆ. ಒಳಗೆ ಇರುವಷ್ಟು ದೂರ ತಂಟೆಯಿಲ್ಲ. ಹರಳನ್ನು ಕತ್ತರಿಸಿದಿರೋ, ಮೇಲ್ಮೈ ಹುಟ್ಟಿತು. ಅಲ್ಲಿಯವಕ್ಕೆ ಮೇಲಿನ ಕೈ ಹಿಡಿಯುವವರು ಯಾರೂ ಇಲ್ಲ, ಕೈ ಸುಮ್ಮನೆ ಚಾಚಿಕೊಂಡೇ ಇರುತ್ತದೆ. ಆ ಕೈಯಲ್ಲಿ ಒಂದೇ ಒಂದು ಎಲೆಕ್ಟ್ರಾನು, ಜೋಡಿಯಿಲ್ಲದ್ದು. ಒಳಗಿನ ಎಲೆಕ್ಟ್ರಾನುಗಳು ಕಾಲಿಡಲು ಅಪ್ಪಣೆಯಿಲ್ಲದ ಒಂದು ಖಾಲಿ ಅಂತರ ಇದೆ. ಈ ಒಂಟಿಗಳು ಹೋಗಿ ಕೂರುವುದು ಸರಿಯಾಗಿ ಅಲ್ಲೇ. ಹಾಗಾಗಿ ಒಳಗಿನಂತೆ ಮೇಲ್ಮೈ ಇರುವುದಿಲ್ಲ, ಅದಕ್ಕೆ ಬೇರೆಯೇ ಒಂದು ನಡತೆ.

“ಕೈ ಚಾಚಿ ಎಷ್ಟು ಹೊತ್ತು ಇರ್ತಾವೆ?”

“ಇರಲಾರವು. ಜಾಗ ಬಿಟ್ಟು ಸರಿದಾಡಿ, ಕೆಲವು ಮೇಲೆ ಹತ್ತಿ, ತಮ್ಮತಮ್ಮಲ್ಲೇ ಹಿಡಿದುಕೊಳ್ತಾವೆ. ಉದ್ದಕ್ಕೆ ಏಳು, ಅಗಲಕ್ಕೆ ಏಳು, ಹೀಗೆ ನಲವತ್ತೊಂಬತ್ತು ಕೈಗಳಲ್ಲಿ ಮೂವತ್ತು ಹಾಗೆ ಮುಗಿದುಹೋಗ್ತಾವೆ. ಈಗ ಒಳಗೆ ಆಗಿರುವುದು ಅದೇ.”

“ಉಳಿದ ಹತ್ತೊಂಬತ್ತು?”

“ಉಳಿದೇ ಇರ್ತಾವೆ. ಗಾಳಿಯ ಒಂದು ಕಣ ಹತ್ತಿರ ಬಂದರೂ ಹಿಡಿದುಬಿಡ್ತಾವೆ. ಯಾವುದು ಏನು ಅಂತ ನೋಡುವುದಿಲ್ಲ. ಅದಕ್ಕೇ ಈ ಡ್ರಮ್ಮು.”

ಶೀನಪ್ಪ ಕಿಂಡಿಯಲ್ಲಿ ನೋಡಿದ, ಎಷ್ಟೋ ಹೊತ್ತು. ಅವನ ಕನ್ನಡಕದ ಮೇಲೆ ಹಸಿರು ಬಿದ್ದಿತ್ತು. “ನಮ್ಮವನೂ ಹಾಗೇ ಅಂತ ಹೇಳ್ತಾಳೆ ನನ್ನ ಹೆಂಡ್ತಿ,” ಎಂದ. “ಮೊನ್ನೆ ಸಣ್ಣ ಸೊಸೆಯ ಸೆರಗು ಹಿಡಿದನಂತೆ. ನಾನು ಕಂಡದ್ದಲ್ಲ. ಅವನು ಒಳ್ಳೆಯ ಹುಡುಗ ಆಗಿದ್ದ, ಯಾರ ಸೆರಗಿಗೂ ಕೈ ಹಾಕುವವ ಅಲ್ಲ.” ಆಮೇಲೆ ಕೊಡೆ ಬಿಡಿಸಿಕೊಂಡು, “ನಾಳೆ ಕತ್ತಲೆ ಆಗುವ ಮೊದಲೇ ಬರ್ತೇವೆ. ನೀವು ಇದ್ರೆ ಚಂದ,” ಎಂದು ಹೊರಟುಹೋದ.

ಮತ್ತೆ ಕಿಂಡಿಗೆ ಕಣ್ಣು ಹಚ್ಚಿದಾಗ ಸಣ್ಣ ಚುಕ್ಕೆಗಳು ಆಗಲೇ ಮಂಕಾಗುತ್ತಿದ್ದವು. ಎಷ್ಟು ಹೀರಿದರೂ ಪಾತ್ರೆಯ ಮೂಲೆಯಲ್ಲಿ ಏನೋ ಒಂದಿಷ್ಟು ಉಳಿದೇ ಇರುತ್ತದೆ. ಚಿತ್ತರಂಜನ ಬೆನ್ನ ಹಿಂದಿನ ಕೈಗಳನ್ನು ಬಿಗಿದುಕೊಂಡ. ಬಲಗೈ ಎಡಗೈಯ ಕಿರುಬೆರಳನ್ನು ಹಿಡಿದಿತ್ತು. ಅವನ ಕಿರುಬೆರಳನ್ನು ಹೀಗೆ ಹಿಡಿದುಕೊಳ್ಳದೆ ಕಿನ್ನಿಗೆ ನಿದ್ದೆ ಬರುತ್ತಿರಲಿಲ್ಲ. ಬಿಜೈಯಲ್ಲಿ ಅವರು ಈಗಲೂ ಇರುವ ಅದೇ ಮನೆ, ಹಿಂದಿನ ಕೋಣೆ, ಬಾಗಿಲಿಗೆ ಕಹಿಬೇವಿನ ಸೊಪ್ಪು. ಮುಟ್ಟಬೇಡ, ಒಳಗೆ ಹೋಗಬೇಡ, ಎಂದು ಅಮ್ಮ ಬಾವಿಯ ಕಡೆ ಹೋಗಿದ್ದಳು. ಅವನು ಜಗಲಿಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದ. ಬಾಗಿಲು ಒಂದು ಗೇಣು ಸರಿಯಿತು. ಕೆಳಗಿನಿಂದ, ನೆಲದಿಂದ ತುಸುವೇ ಮೇಲೆ, ಒಂದು ಕೈ ಹೊರಗೆ ಬಂತು. ಗುಳ್ಳೆಗಳಾಗಿದ್ದ ಕೈ. ಹಸಿರು ಗಾಜಿನ ಬಳೆ ಒಂದು ಮೊಳಕೈಗೆ ಸರಿದಿತ್ತು. “ಅಣ್ಣೆ,” ಎಂದಳು, ಅಷ್ಟೇ. ಅಳಲಿಲ್ಲ, ಹಟ ಮಾಡಲಿಲ್ಲ. ಅವನು ಎದ್ದು ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆ ಕೈ ಹಾಗೆಯೇ ಚಾಚಿಕೊಂಡಿತ್ತು. ಬೆರಳುಗಳು ಒಮ್ಮೆ ಮುಚ್ಚಿ ತೆರೆದವು. ಅವನು ಮಗ್ಗಿಯನ್ನು ಇನ್ನೂ ಗಟ್ಟಿಯಾಗಿ ಹೇಳತೊಡಗಿದ. ಮರುದಿನ ಅವಳನ್ನು ಹಳೆ ಚಾಪೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದರು. ಅವನಿಗೆ ಮುಂಚೆಯೇ ಶಾಲೆಯಲ್ಲಿ ಸಿಡುಬಿನ ಚುಚ್ಚುಮದ್ದು ಆಗಿತ್ತು, ತೋಳಿನ ಮೇಲೆ ಎರಡು ಗುರುತು ಈಗಲೂ ಇವೆ. ಮುಟ್ಟಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಅವನು ಓದಿ ತಿಳಿದದ್ದು ಬಹಳ ತಡವಾಗಿ. ಓದಿದ ದಿನ ಅವನು ಊಟ ಬಿಟ್ಟಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ, ಆಶಾಲತಾಳಿಗೂ.

ಬಸ್ಸು ಕೂಳೂರು ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹೋಗುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ಅವನಿಗೆ ತಾನು ಬಳೆ ಕೊಳ್ಳಲು ಹೋಗುತ್ತಿರುವುದು ತಮಾಷೆಯಾಗಿ ಕಂಡಿತು. ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠ ಮಾಡುವ ಗಂಡಸು, ಸತ್ತವಳಿಗೆ ಬಳೆ. ಇಳಿಯದೆ ಮನೆಗೇ ಹೋಗಿ ಮರೆತುಹೋಯಿತು ಎನ್ನಬಹುದು. ಆದರೆ ಹಂಪನಕಟ್ಟೆಯಲ್ಲಿ ಕಾಲುಗಳು ತಾವಾಗಿ ಇಳಿದವು. ಅಹ್ಮದ್ ಬಾವನ ಬಳೆಯಂಗಡಿ ಇಕ್ಕಟ್ಟಿನದು. ಇಬ್ಬರು ಹೆಂಗಸರು ಕೈ ಒಡ್ಡಿಕೊಂಡು ಕೂತಿದ್ದರು. ಅವರು ಅವನನ್ನು ನೋಡಿ ಸೆರಗು ಸರಿಮಾಡಿಕೊಂಡರು. ಅವನು ಕಳ್ಳನಂತೆ ಮೂಲೆಯಲ್ಲಿ ನಿಂತ.

“ಸಾರಿಗೆ ಎಂತ ಬೇಕು?”

“ಬಳೆ. ಹಸಿರು. ಗಾಜಿನದ್ದು.”

“ಸೈಜು?”

ಚಿತ್ತರಂಜನ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ ತೋರಿಸಿದ. ಯೋಚಿಸಲಿಲ್ಲ. ಕೈ ತಾನಾಗಿಯೇ ಅಷ್ಟು ದೊಡ್ಡದು ಮಾಡಿತು. ಅಹ್ಮದ್ ಬಾವನ ಮುಖ ಅರಳಿತು. “ಓ, ಸಣ್ಣ ಮಗುವಿಗೆ! ಮಗಳಾ? ಹೆಸರು ಎಂತ ಇಟ್ಟಿದ್ದೀರಿ?”

“ಕಿನ್ನಿ.”

“ಚಂದದ ಹೆಸರು. ಮಕ್ಕಳು ಒಡೀತಾವೆ ಸಾರ್, ನಾಲ್ಕು ಜಾಸ್ತಿ ಹಾಕಿದ್ದೇನೆ,” ಎಂದು ಕಾಗದದಲ್ಲಿ ಸುತ್ತಿ ಕೊಟ್ಟ. ರಸ್ತೆಗಿಳಿದಾಗ ಚಿತ್ತರಂಜನನಿಗೆ ಒಂದು ಗಳಿಗೆ ಸಂತೋಷವಾಯಿತು, ಸುಳ್ಳಲ್ಲದ ಸಂತೋಷ, ಮನೆಯಲ್ಲಿ ಮಗು ಕಾದಿರುವವನ ಸಂತೋಷ. ಆಮೇಲೆ ತನಗೆ ತಾನೇ ಹೇಸಿಗೆಯಾಗಿ, ಪೊಟ್ಟಣವನ್ನು ಕಿಸೆಯ ಆಳಕ್ಕೆ ತುರುಕಿದ.

ಉಮಾವತಿ ಪೊಟ್ಟಣ ಬಿಚ್ಚಿದಳು. ಎರಡು ಬಳೆ ಕೈಗೆ ತೆಗೆದುಕೊಂಡು ದೀಪದ ಹತ್ತಿರ ಹಿಡಿದಳು. ತನ್ನ ಮೂರು ಬೆರಳು ತೂರಿಸಿ ನೋಡಿದಳು, ಹೋಗಲಿಲ್ಲ.

“ಇದು ಎಂತದು?”

“ನೀನೇ ಹೇಳಿದ್ದಲ್ಲ. ಬಳೆ.”

“ಅವಳಿಗೆ ಈಗ ಮೂವತ್ತನಾಲ್ಕು ಮಾರಾಯ,” ಎಂದಳು ತಾಯಿ. ಗದರಿಕೆಯಿರಲಿಲ್ಲ, ಅದಕ್ಕಿಂತ ಕೆಟ್ಟದೇನೋ ಇತ್ತು, ಬೆರಗು. “ಆಟಿಯಲ್ಲಿ ಸತ್ತವರಿಗೆ ಬಡಿಸುವಾಗ ನೀನು ಎಲೆ ನೋಡಲಿಲ್ವಾ? ಮೊದಲು ಅಂಗೈಯಷ್ಟು ಎಲೆ ಇಡ್ತಿದ್ದೆ. ಆಮೇಲೆ ದೊಡ್ಡದು ಮಾಡಿದೆ. ಮೈನೆರೆದ ವರ್ಷ ಇಡೀ ಎಲೆ ಇಟ್ಟೆ. ಅವಳು ನನ್ನಷ್ಟು ಎತ್ತರ ಇದ್ದಾಳೆ ಈಗ. ಅವಳು ಸಣ್ಣದು ಅಂತ ನಿನಗೆ ಯಾರು ಹೇಳಿದ್ದು?”

ಆ ಎಲೆಗಳನ್ನು ಅವನು ನೋಡಿದ್ದ, ಪ್ರತಿ ವರ್ಷ. ಸತ್ತವರ ಎಲೆಯ ಕುಡಿ ಬಲಕ್ಕೆ, ಬದುಕಿದವರದು ಎಡಕ್ಕೆ; ಅಷ್ಟು ಮಾತ್ರ ಗಮನಿಸಿ, ಮೂಢನಂಬಿಕೆ ಎಂದು ಮುಖ ತಿರುಗಿಸಿ ಉಂಡಿದ್ದ. ಎಲೆ ಬೆಳೆದದ್ದು ಕಾಣಲಿಲ್ಲ. ದೆವ್ವವೇ ಇಲ್ಲವೆಂದವನು ಮೂರು ವರ್ಷದ ಒಂದು ದೆವ್ವವನ್ನು ಒಂದಿಷ್ಟೂ ಬೆಳೆಯಗೊಡದೆ ಇಟ್ಟುಕೊಂಡಿದ್ದ. ನಂಬುವ ತಾಯಿ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ಆಶಾಲತಾ ಒಳಗಿನಿಂದ ಬಂದು ತನ್ನ ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಹರಿವಾಣದಲ್ಲಿಟ್ಟಳು. ಸಣ್ಣ ಬಳೆಗಳ ಪೊಟ್ಟಣ ಮೇಜಿನ ಮೇಲೆ ಉಳಿಯಿತು. ಅವನು ಅದನ್ನು ತಿರುಗಿ ಕಿಸೆಗೆ ಹಾಕಿಕೊಂಡ.

ಭಾನುವಾರ ಅವನು ಕಾಲೇಜಿಗೆ ಹೋಗಲಿಲ್ಲ. ಹೋಗುವುದಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ. ಬೆಳಿಗ್ಗೆ ಅಂಗಳದ ಹಾವಸೆ ಕೆರೆದು ತೆಗೆಯುತ್ತಾ ಕೂತ. ಸಂಜೆ ಮಳೆ ಹೊಯ್ದು ನಿಂತಾಗ ಶೀನಪ್ಪನ ಮನೆಯವರು ಬಂದರು, ಗಂಡಿನ ಕಡೆಯವರ ಠೀವಿಯಲ್ಲೇ. ಶೀನಪ್ಪನ ಹೆಂಡತಿ ಬೆಲ್ಲ ನೀರು ಕುಡಿದು, ಹೆಣ್ಣಿನ ಸೀರೆಯ ಅಂಚು ಸಪೂರವಾಯಿತು ಎಂದು ಕೊಂಕೂ ತೆಗೆದಳು. ಉಮಾವತಿ ಅದಕ್ಕೆ ತಕ್ಕ ಉತ್ತರ ಕೊಟ್ಟಳು. ಹೆಂಗಸರು ನಕ್ಕರು. ಚಿತ್ತರಂಜನ ದಂಗಾಗಿ ನೋಡಿದ. ಅಮ್ಮನ ಮುಖದಲ್ಲಿ ಮಗಳ ಮದುವೆಯ ಗಡಿಬಿಡಿ ನಿಜವಾಗಿಯೇ ಇತ್ತು. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಹಸಿರು ಸೀರೆ, ಕರಿಮಣಿ, ಮಲ್ಲಿಗೆ, ಬಳೆಗಳು. ಇನ್ನೊಂದರ ಮೇಲೆ ಪಂಚೆ, ಇಸ್ತ್ರಿ ಹಾಕಿದ ಅಂಗಿ, ತಲೆಗೆ ಪೇಟ. ಊರಿನ ಗುರಿಕಾರ ಮಾಯಿಲಪ್ಪ, ಇಂಥ ಮದುವೆಗಳನ್ನು ಎಷ್ಟೋ ನಡೆಸಿದ ಹಿರಿಯ, ತೆಂಗಿನಕಾಯಿ ಒಡೆದು ಹೆಸರು ಹಿಡಿದು ಇಬ್ಬರನ್ನೂ ಕರೆದ. ಶೀನಪ್ಪ ಮಗನ ಅಂಗಿಯ ತೋಳನ್ನು ಅಂಗೈಯ ಮೇಲೆ ಎತ್ತಿ ಹಿಡಿದುಕೊಂಡ.

“ಹೆಣ್ಣಿನ ಅಣ್ಣ ಬರಬೇಕು,” ಎಂದ ಮಾಯಿಲಪ್ಪ. “ತಂಗಿಯ ಕೈ ಎತ್ತಿ ಕೊಡಬೇಕು.”

ತಂಗಿಯ ಕೈ ಎಂದರೆ ಬಳೆಗಳೊಳಗೆ ತೂರಿಸಿದ ಸೀರೆಯ ಸೆರಗು. ಮಣೆಯಿಂದ ಸ್ವಲ್ಪ ಹೊರಗೆ, ನೆಲದಿಂದ ತುಸುವೇ ಮೇಲೆ, ಅದು ಚಾಚಿಕೊಂಡಿತ್ತು. ಚಿತ್ತರಂಜನ ಮುಂದೆ ಬಂದ. ಎಲ್ಲರೂ ಕಾದರು. ಯಾರೋ ಮಗುವನ್ನು ಸುಮ್ಮನಿರಿಸಿದರು. ಬಾಗಬೇಕು, ಎತ್ತಬೇಕು, ಇಷ್ಟೇ ಕೆಲಸ. ಕೈಗಳು ಬೆನ್ನ ಹಿಂದೆ ಇದ್ದವು. ಯಾವಾಗ ಹೋದವೋ ಅವನಿಗೆ ತಿಳಿಯಲಿಲ್ಲ, ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಬಿಡಿಸಲು ಆಗುತ್ತಿರಲಿಲ್ಲ. ಗಂಡಿನ ಕಡೆಯವರಲ್ಲಿ ಗುಸುಗುಸು ಎದ್ದಿತು. ಓದಿದವರಲ್ವಾ, ಎಂದಿತು ಒಂದು ದನಿ. ಶೀನಪ್ಪ ಅಂಗಿಯ ತೋಳನ್ನು ಹಾಗೆಯೇ ಎತ್ತಿ ಹಿಡಿದಿದ್ದ.

ಉಮಾವತಿ ಅವನ ಹಿಂದೆ ಬಂದು ನಿಂತಳು. ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ಮುಟ್ಟು ಮಗಾ. ಈಗ ಮುಟ್ಟಬಹುದು.”

ಅಂದರೆ ಅವಳು ಅಂದು ಬಾವಿಯ ಬಳಿಯಿಂದ ನೋಡಿದ್ದಳು. ಮೂವತ್ತೊಂದು ವರ್ಷ, ಕೈಕಟ್ಟಿ ನಿಂತ ಮಗನನ್ನು ಕಂಡಾಗಲೆಲ್ಲ ಅವಳು ಅದನ್ನೇ ನೋಡಿದ್ದಳು, ಮುಟ್ಟಬೇಡ ಎಂದವಳು ತಾನು ಎಂಬುದನ್ನೂ. ಅವನ ಬೆರಳುಗಳು ಸಡಿಲಾದವು. ಅವನು ಮೊಳಕಾಲೂರಿ ಬಗ್ಗಿ ಸೆರಗು ಎತ್ತಿದ, ಬಳೆಗಳು ಸದ್ದು ಮಾಡಿದವು, ಶೀನಪ್ಪನ ಅಂಗೈಯಲ್ಲಿದ್ದ ತೋಳಿನ ಮೇಲೆ ಇಟ್ಟ. ಮಾಯಿಲಪ್ಪ ನೀರು ಬಿಟ್ಟ. ನೀರಿನ ಕೆಳಗೆ ಶೀನಪ್ಪನ ಬೆರಳುಗಳು ಬಟ್ಟೆಯ ಸಮೇತ ಅವನ ಕೈಯನ್ನು ಹಿಡಿದುಕೊಂಡವು, ಗಟ್ಟಿಯಾಗಿ, ಧಾರೆ ಮುಗಿದ ಮೇಲೂ. ಚಿತ್ತರಂಜನ ಅತ್ತ. ಗಂಡಿನ ಕಡೆಯವರಿಗೆ ಅದು ಸರಿಯೆನಿಸಿತು. ತಂಗಿಯನ್ನು ಕಳಿಸುವ ಅಣ್ಣ ಅಳಬೇಕಾದದ್ದೇ.

ಸೀರೆ, ಪಂಚೆ, ಬಳೆ ಎಲ್ಲ ಒಂದೇ ಗಂಟಾಗಿ ಅವರ ಜೊತೆ ಹೋಯಿತು. ಉಮಾವತಿ ಅಂಗಳದ ತುದಿಯವರೆಗೆ ಕಳಿಸಿ ಬಂದು ಕಂಬಕ್ಕೊರಗಿ ಕೂತು, ಎಷ್ಟೋ ವರ್ಷಗಳಿಂದ ಅವನು ಕಾಣದ ಹಗುರದಲ್ಲಿ ಕಾಲು ಚಾಚಿದಳು. “ಮುಗೀತು. ಇನ್ನು ಅವಳು ಅವರ ಮನೆಯವಳು. ಆಟಿಯಲ್ಲಿ ಅವಳ ಎಲೆ ಅಲ್ಲಿ. ನಮ್ಮಲ್ಲಿ ಇಡ್ಲಿಕ್ಕಿಲ್ಲ.” ಅವಳು ಅದನ್ನು ನೆಮ್ಮದಿಯಿಂದಲೇ ಹೇಳಿದಳು. ಚಿತ್ತರಂಜನನ ಕಿಸೆಯಲ್ಲಿ ಪೊಟ್ಟಣ ತೊಡೆಗೆ ಒತ್ತುತ್ತಿತ್ತು. ಹೋದವಳು ಅಮ್ಮನಷ್ಟು ಎತ್ತರದ, ಮೂವತ್ತನಾಲ್ಕರ ಹೆಂಗಸು. ಅವಳನ್ನು ಅವನು ಕಂಡೇ ಇರಲಿಲ್ಲ. ಬಾಗಿಲ ಸಂದಿಯಿಂದ ಕೈ ಚಾಚಿದವಳನ್ನು ಯಾರೂ ಕರೆಯಲಿಲ್ಲ, ಯಾರೂ ಕರೆದುಕೊಂಡು ಹೋಗಲಿಲ್ಲ. ಇಷ್ಟೆಲ್ಲ ಜೋಡಿಸಿದ ಮೇಲೂ ಅವಳು ಇಲ್ಲಿಯೇ ಉಳಿದಿದ್ದಳು, ಇನ್ನು ಮುಂದೆ ಅವಳಿಗೆ ಎಲೆಯೂ ಇಲ್ಲ.

ಊಟಕ್ಕೆ ಎಲೆ ಹಾಕುವಾಗ ಆಶಾಲತಾ ಅವನನ್ನು ಕರೆದಳು. ಅಮ್ಮನಿಗೊಂದು, ಅವನಿಗೊಂದು, ತನಗೊಂದು. ಅವನು ಉಳಿದಿದ್ದ ಎಲೆಯಿಂದ ಕುಡಿಯ ಭಾಗ ಅಂಗೈಯಷ್ಟು ಹರಿದು, ನೀರು ಚಿಮುಕಿಸಿ ಒರೆಸಿ, ತನ್ನ ಎಲೆಯ ಪಕ್ಕ ಹಾಕಿದ. ಕಿಸೆಯಿಂದ ಬಳೆಗಳನ್ನು ತೆಗೆದು ಅದರ ಬಳಿ ಇಟ್ಟ.

“ಅದು ಯಾರಿಗೆ?” ಎಂದಳು ಉಮಾವತಿ.

ತಾಯಿಯ ಕಣ್ಣು ಎಲೆಯ ಕುಡಿಯ ಮೇಲಿತ್ತು. ಅವನು ಅದನ್ನು ಎಡಕ್ಕೆ ಮಾಡಿ ಹಾಕಿದ್ದ, ಬದುಕಿದವರಿಗೆ ಹಾಕುವ ಹಾಗೆ. ಆಶಾಲತಾ ಬಡಿಸುವ ಸೌಟು ಹಿಡಿದು ಆ ಸಣ್ಣ ಎಲೆಯನ್ನೂ ಸಣ್ಣ ಬಳೆಗಳನ್ನೂ ನೋಡುತ್ತಾ ನಿಂತಿದ್ದಳು. ಉಮಾವತಿ ನಿಟ್ಟುಸಿರು ಬಿಟ್ಟು, ಎಲೆಯನ್ನು ಬಲಕ್ಕೆ ತಿರುಗಿಸಲು ಕೈ ನೀಡಿದಳು.

ಆಶಾಲತಾ ಬಗ್ಗಿ ತನ್ನ ಬರಿಗೈಯಿಂದ ಆ ಕೈಯನ್ನು ಹಿಡಿದುಕೊಂಡಳು.

“ಇರಲಿ ಅತ್ತೆ,” ಎಂದಳು. “ಹಾಗೇ ಇರಲಿ.”

ಆಮೇಲೆ ಅವಳು ಮೊದಲು ಆ ಎಲೆಗೆ ಬಡಿಸಿದಳು, ಮಗು ಉಣ್ಣುವಷ್ಟು.